ಹವಳಕ್ಕೆ ಹಚ್ಚಿದ ಕೊಳವೆದೀಪ

ನಂಜನಗೂಡಿಗೂ ಸಮುದ್ರಕ್ಕೂ ಬಲು ದೂರ. ನಮ್ಮೂರ ಸ್ನಾನಘಟ್ಟವನ್ನು ಮುಟ್ಟಿ ಹರಿದ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡಿ, ತಲಕಾಡಿನ ಮರಳದಿಬ್ಬಗಳನ್ನು ಬಳಸಿ, ಶಿವನಸಮುದ್ರದಲ್ಲಿ ಧುಮುಕಿ, ತಮಿಳುನಾಡನ್ನು ಉದ್ದಕ್ಕೂ ಹಾದ ಮೇಲೆ ಬಂಗಾಳಕೊಲ್ಲಿಯ ಉಪ್ಪುನೀರನ್ನು ಕಾಣುತ್ತಾಳೆ. ಇಂಥ ಒಳನಾಡಿನಲ್ಲಿ ಹವಳವೆಂದರೆ ತಾಳಿಸರದ ಕೆಂಪು ಮಣಿ, ಇಲ್ಲವೆ ಜೋಯಿಸರು ಕುಜದೋಷದ ಶಾಂತಿಗೆಂದು ಬೆರಳಿಗೆ ಹಾಕಿಸುವ ಉಂಗುರದ ಕಲ್ಲು. ಹವಳವು ಪ್ರಾಣಿಯೆಂದೂ ಆ ಕುಲದಲ್ಲಿ ಬೆಳಕನ್ನೇ ಉಂಡು ಬದುಕುವವು ಬಹಳವೆಂದೂ ಹೇಳಿದ್ದರೆ ನಮ್ಮ ಹಿರಿಯರು ನಕ್ಕುಬಿಡುತ್ತಿದ್ದರು.

ತಿ. ನರಸೀಪುರದಲ್ಲಿರುವ ನನ್ನ ಸೋದರಳಿಯ ನಗಲಿಲ್ಲ. ಎಲ್‌ಇಡಿ ದೀಪಗಳು ಇನ್ನೂ ತುಟ್ಟಿಯಾಗಿದ್ದ ಕಾಲ ಅದು. ನಡುಮನೆಯಲ್ಲಿ ಮೂರಡಿ ಉದ್ದದ ಗಾಜಿನ ತೊಟ್ಟಿಯಿಟ್ಟು ಹೊಂಬಣ್ಣದ ಮೀನುಗಳನ್ನು ಸಾಕಿದ್ದವನಿಗೆ, ಬೆಂಗಳೂರಿನ ಗೆಳೆಯರೊಬ್ಬರ ಮನೆಯಲ್ಲಿ ಜೀವಂತ ಹವಳದ ತೊಟ್ಟಿಯನ್ನು ಕಂಡು ಬಂದಮೇಲೆ ನಿದ್ದೆ ಹತ್ತದಾಯಿತು. “ಮಾವ, ಉಪ್ಪುನೀರು ಹದ ಮಾಡಿಕೊಳ್ಳುವುದು ನನಗೆ ಬಿಡಿ. ಟ್ಯೂಬ್‌ಲೈಟು ಯಾವುದು ಹಾಕಬೇಕು ಅಂತ ನೀವು ಹೇಳಿದರೆ ಸಾಕು” ಎಂದು ಕೇಳಿದ. ಭೌತಶಾಸ್ತ್ರದ ಮೇಷ್ಟ್ರಾಗಿ ವಯಸ್ಸು ಕಳೆದವನನ್ನು ಹೀಗೆ ಕೇಳಿದರೆ ಒಂದು ಮಾತಿನಲ್ಲಿ ಉತ್ತರ ಬಂದೀತೆ? ಅವನ ಪ್ರಶ್ನೆಯ ಹಿಂದೆ ನೂರಾರು ವರ್ಷಗಳ ಕಥೆಯಿತ್ತು. ಅದರ ಒಂದು ಎಳೆ ಅವನ ಮನೆಯ ಹಿತ್ತಿಲಿನಲ್ಲಿಯೇ ಹರಿಯುತ್ತಿತ್ತು. ಆ ಕಥೆಯನ್ನು ಓದುಗರಿಗೂ ಹೇಳಬೇಕೆಂದು ಈ ಬರಹ.

ಮೊದಲು ಹಿತ್ತಿಲಿನ ಎಳೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ ಶಿವನಸಮುದ್ರದ ವಿದ್ಯುತ್ ಯೋಜನೆ ಮೊದಲಾಯಿತು. ಅದು ಮುಗಿಯುವುದನ್ನು ಕಾಣದೆ ಅವರು 1901ರಲ್ಲಿ ತೀರಿಕೊಂಡರು. ಮರುವರ್ಷ, 1902ರ ಜೂನ್ 30ರಂದು, ಜಲಪಾತದ ವಿದ್ಯುತ್ತು 92 ಮೈಲಿ ತಂತಿಯ ಮೇಲೆ ಸಾಗಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಜಗತ್ತಿನಲ್ಲೇ ಅತಿ ಉದ್ದವಾದ ತಂತಿಮಾರ್ಗಗಳಲ್ಲಿ ಅದೊಂದು. 1905ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂತು, 1908ರಲ್ಲಿ ಮೈಸೂರಿಗೆ. ನಂಜನಗೂಡನ್ನೂ ತಿರುಮಕೂಡಲನ್ನೂ ದಾಟಿ ಹೋದ ನೀರೇ ಅಲ್ಲಿ ಚಕ್ರ ತಿರುಗಿಸಿತು. ಆದರೆ ದೀಪ ಮೊದಲು ಹೊತ್ತಿದ್ದು ಗಣಿಗೆ, ಆಮೇಲೆ ರಾಜಧಾನಿಗಳಿಗೆ. ನೀರು ಕೊಟ್ಟ ಊರುಗಳಲ್ಲಿ ಇನ್ನೂ ಬಹುಕಾಲ ಹರಳೆಣ್ಣೆಯ ಹಣತೆ, ಸೀಮೆಎಣ್ಣೆಯ ಬುಡ್ಡಿ, ಲಾಂದ್ರಗಳೇ ಉರಿದವು. ದೀಪ ಯಾರಿಗಾಗಿ ಎಂಬ ಪ್ರಶ್ನೆ ನಮ್ಮ ಸೀಮೆಗೆ ಹೊಸದೇನೂ ಆಗಿರಲಿಲ್ಲ.

ಶಿವನಸಮುದ್ರದ ನೀರಿನ ಚಕ್ರಗಳು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯವು. ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು. ಈ ಎರಡನೆಯ ಹೆಸರನ್ನು ನೆನಪಿನಲ್ಲಿಡಬೇಕು. ಏಕೆಂದರೆ ನಮ್ಮ ಜಲಪಾತಕ್ಕೆ ಯಂತ್ರ ಕಳುಹಿಸಿದ ಆ ಕಂಪನಿಯೇ 1938ರಲ್ಲಿ ಕೊಳವೆದೀಪವನ್ನು, ಎಂದರೆ ನಾವು ಟ್ಯೂಬ್‌ಲೈಟು ಎನ್ನುವುದನ್ನು, ಅಂಗಡಿಗೆ ತಂದಿತು. ಅದಕ್ಕೆ 12 ವರ್ಷ ಮುಂಚೆ, 1926ರಲ್ಲಿ, ಜರ್ಮನಿಯ ಎಡ್ಮಂಡ್ ಗರ್ಮರ್ ಎಂಬಾತನೂ ಅವನ ಜೊತೆಗಾರರೂ ಇಂಥ ದೀಪಕ್ಕೆ ಪೇಟೆಂಟು ಬೇಡಿದ್ದರು. ಅದರ ಮೂಲತತ್ತ್ವ ಇನ್ನೂ ಹಳೆಯದು. 1852ರಲ್ಲಿ ಕೇಂಬ್ರಿಜ್ಜಿನ ಸ್ಟೋಕ್ಸ್, ಕೆಲವು ವಸ್ತುಗಳು ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನು ಹೀರಿ ಕಾಣುವ ಬೆಳಕನ್ನು ಹೊರಚೆಲ್ಲುವುದನ್ನು ತೋರಿಸಿ, ಆ ಗುಣಕ್ಕೆ ಹೆಸರನ್ನೂ ಇಟ್ಟಿದ್ದ. ನಮ್ಮ ವಿಜ್ಞಾನದ ಪುಸ್ತಕಗಳು ಅದನ್ನು ಪ್ರತಿದೀಪ್ತಿ ಎನ್ನುತ್ತವೆ.

ಕೊಳವೆದೀಪದ ಕೆಲಸವನ್ನು ತಿಳಿಯುವುದು ಕಷ್ಟವಲ್ಲ. ಗಾಜಿನ ಕೊಳವೆಯೊಳಗೆ ಸ್ವಲ್ಪ ಪಾದರಸದ ಆವಿ ಇರುತ್ತದೆ. ವಿದ್ಯುತ್ತು ಹರಿದಾಗ ಅದು 254 ನ್ಯಾನೊಮೀಟರ್ ಅಲೆಯುದ್ದದ ನೇರಳಾತೀತ ಕಿರಣವನ್ನು ಹೆಚ್ಚಾಗಿ ಬಿಡುತ್ತದೆ. ಆ ಕಿರಣ ಕಣ್ಣಿಗೆ ಕಾಣದು, ಗಾಜನ್ನು ದಾಟಿ ಬಾರದು. ಗಾಜಿನ ಒಳಮೈಗೆ ಬಳಿದ ಪುಡಿ ಅದನ್ನು ಹೀರಿ ಬೆಳಕಾಗಿ ಮಾರ್ಪಡಿಸುತ್ತದೆ. ಪುಡಿ ಯಾವುದೋ ಬೆಳಕಿನ ಬಣ್ಣ ಅದರಂತೆ. ಈ ಮಾತಿನಲ್ಲಿ ಒಂದು ದೊಡ್ಡ ಬದಲಾವಣೆ ಅಡಗಿದೆ. ಹಣತೆಯೂ ಬಲ್ಬೂ ಬಿಸಿಯಿಂದ ಬೆಳಗುವಂಥವು. ಬಿಸಿಯಾದ ವಸ್ತು ಯಾವ ಬಣ್ಣ ಕೊಟ್ಟೀತೋ ಅದನ್ನು ಮನುಷ್ಯ ಒಪ್ಪಿಕೊಳ್ಳಬೇಕಾಗಿತ್ತು. ಕೊಳವೆದೀಪದಲ್ಲಾದರೋ ಬೆಳಕಿನ ಬಣ್ಣವನ್ನು ಅಡಿಗೆಯ ಮಸಾಲೆಯಂತೆ ಅರೆದು ಕೂಡಿಸಬಹುದಾಯಿತು. ದೀಪವನ್ನು ಕೊಳ್ಳುವವನು ‘ಎಷ್ಟು ಬೆಳಕು’ ಎಂಬುದರ ಜೊತೆಗೆ ‘ಎಂಥ ಬೆಳಕು’ ಎಂದು ಕೇಳುವ ಕಾಲ ಬಂತು.

ಮೈಸೂರು ಸಂಸ್ಥಾನವು ಬೆಂಗಳೂರಿನಲ್ಲಿ 1936ರಲ್ಲಿ ಸ್ಥಾಪಿಸಿದ ಮೈಸೂರು ಲ್ಯಾಂಪ್ಸ್ ಕಾರ್ಖಾನೆ ಮೊದಲು ಬಲ್ಬುಗಳನ್ನೂ ಮುಂದೆ ಟ್ಯೂಬುಗಳನ್ನೂ ಮಾಡಿತು. 2003ರಲ್ಲಿ ಮುಚ್ಚುವತನಕ ಅದರ ಹೆಸರು ಕನ್ನಡನಾಡಿನ ಮನೆಮನೆಯಲ್ಲಿತ್ತು. ಚೋಕಿನ ಗುಂಯ್‌ಗುಟ್ಟುವಿಕೆ, ಸ್ಟಾರ್ಟರನ್ನು ಬೆರಳಿನಿಂದ ತಿರುಗಿಸುವುದು, ಎರಡು ಮೂರು ಸಲ ಮಿನುಗಿ ತಟ್ಟನೆ ಹತ್ತುವುದು, ಇವು ಯಾರಿಗೆ ತಿಳಿಯದು? 40 ವಾಟಿನ ಟ್ಯೂಬು 100 ವಾಟಿನ ಬಲ್ಬಿಗಿಂತ ಹೆಚ್ಚು ಬೆಳಕು ಕೊಡುತ್ತಿದ್ದುದರಿಂದ ಮಿತವ್ಯಯದ ಮಧ್ಯಮವರ್ಗಕ್ಕೆ ಅದು ವರವಾಯಿತು. ಆದರೂ ಮೈಸೂರು ಅರಮನೆಯ ದೀಪಾಲಂಕಾರಕ್ಕೆ ಸುಮಾರು ಒಂದು ಲಕ್ಷ ಬಲ್ಬುಗಳೇ ಉಳಿದುಬಂದವು. ಆ ಹೊಂಬೆಳಕು ನಮ್ಮ ಕಣ್ಣಿಗೆ ಹಿತ; ಅಲ್ಲಿ ಕಣ್ಣೇ ಯಜಮಾನ. ಹವಳದ ತೊಟ್ಟಿಯ ಯಜಮಾನ ಬೇರೆ.

ಆ ಯಜಮಾನನನ್ನು ಅರಿಯಲು ವಿಜ್ಞಾನಕ್ಕೆ ಸುಮಾರು ನೂರು ವರ್ಷ ಹಿಡಿಯಿತು. ಡಾರ್ವಿನ್ ಹವಳದ ದಿಬ್ಬಗಳ ಮೇಲೆ ಪುಸ್ತಕ ಬರೆದದ್ದು 1842ರಲ್ಲಿ. ಬಡಪಾಯಿಯಾದ ಇಷ್ಟು ಸಣ್ಣ ಪ್ರಾಣಿಗಳು, ಆಹಾರ ವಿರಳವಾದ ತಿಳಿನೀರಿನಲ್ಲಿ, ಗಾವುದಗಟ್ಟಲೆ ಉದ್ದದ ಸುಣ್ಣದ ಗೋಡೆಯನ್ನು ಹೇಗೆ ಕಟ್ಟುತ್ತವೆ? 1881ರಲ್ಲಿ ಜರ್ಮನಿಯ ಕಾರ್ಲ್ ಬ್ರಾಂಟ್, ಕೆಲವು ಸಮುದ್ರಪ್ರಾಣಿಗಳ ಮೈಯೊಳಗಿನ ಹಳದಿ-ಕಂದು ಕಣಗಳು ಬೇರೆಯೇ ಜೀವಿಗಳೆಂದು ತೋರಿಸಿ ಅವಕ್ಕೆ ಜೂಕ್ಸಾಂಥೆಲ್ಲ ಎಂದು ಹೆಸರಿಟ್ಟ. 1928-29ರಲ್ಲಿ ಯಂಗ್ ಎಂಬ ವಿಜ್ಞಾನಿಯ ನೇತೃತ್ವದಲ್ಲಿ ಒಂದು ತಂಡ ಆಸ್ಟ್ರೇಲಿಯದ ಮಹಾ ಹವಳದಿಬ್ಬದಲ್ಲಿ ತಿಂಗಳುಗಟ್ಟಲೆ ತಂಗಿ ಹವಳಕ್ಕೂ ಈ ಕಣಗಳಿಗೂ ಇರುವ ನಂಟನ್ನು ಪರೀಕ್ಷಿಸಿತು. 1944ರಲ್ಲಿ ಜಪಾನಿನ ಕಾವಾಗುಟಿ ಇವು ಯಾವ ಜಾತಿಯ ಪಾಚಿಯೆಂದು ಗುರುತಿಸಿದ. 1959ರಲ್ಲಿ ಥಾಮಸ್ ಗೊರೊ, ಕತ್ತಲೆಗಿಂತ ಬೆಳಕಿನಲ್ಲಿ ಹವಳವು ಹೆಚ್ಚು ವೇಗವಾಗಿ ಸುಣ್ಣ ಕಟ್ಟುತ್ತದೆಂದು ಅಳತೆ ಮಾಡಿ ತೋರಿಸಿದ.

ಒಟ್ಟು ಅರ್ಥ ಇಷ್ಟು. ದಿಬ್ಬ ಕಟ್ಟುವ ಹವಳವು ತನ್ನ ಮೈಯೊಳಗೆ ಒಂದು ತೋಟವನ್ನು ಸಾಕಿಕೊಂಡಿದೆ. ಆ ಪಾಚಿ ಬೆಳಕಿನಿಂದ ಸಕ್ಕರೆ ಮಾಡುತ್ತದೆ. ಅದರ ಬಹುಪಾಲನ್ನು ಮನೆಯ ಯಜಮಾನನಿಗೆ ಗೇಣಿಯಾಗಿ ಒಪ್ಪಿಸುತ್ತದೆ. ಹವಳವು ರಾತ್ರಿಯಲ್ಲಿ ಸಣ್ಣ ಜೀವಿಗಳನ್ನು ಹಿಡಿದು ತಿನ್ನುವುದೂ ಉಂಟು; ಆದರೆ ಸಂಸಾರ ನಡೆಯುವುದು ಗೇಣಿಯಿಂದ. ಬೆಳಕು ಕಡಮೆಯಾದರೆ ಗೇಣಿ ಕಡಮೆ. ಇಲ್ಲಿ ನಮ್ಮ ತಾಳಿಸರದ ಕೆಂಪು ಹವಳದ ವಿಚಾರ ಹೇಳಲೇಬೇಕು. ಅದು ಹೆಚ್ಚಾಗಿ ಮೆಡಿಟರೇನಿಯನ್ ಸಮುದ್ರದ್ದು. ಮಂದ ಬೆಳಕಿನ ಗುಹೆಗಳಲ್ಲಿ, ಆಳದ ಬಂಡೆಗಳಲ್ಲಿ ಬೆಳೆಯುವಂಥದು. ಅದಕ್ಕೆ ಒಳತೋಟವಿಲ್ಲ, ಬೆಳಕಿನ ಹಂಗೂ ಇಲ್ಲ. ಒಂದೇ ಹೆಸರಿನ ಎರಡು ಪ್ರಾಣಿಗಳಲ್ಲಿ ಒಂದಕ್ಕೆ ದೀಪ ವ್ಯರ್ಥ, ಇನ್ನೊಂದಕ್ಕೆ ದೀಪವೇ ಅನ್ನ.

ಹಾಗಾದರೆ ಸಮುದ್ರದೊಳಗೆ ಹವಳ ಉಣ್ಣುವ ಬೆಳಕು ಯಾವ ಬಣ್ಣದ್ದು? 1921ರಲ್ಲಿ ಇಂಗ್ಲೆಂಡಿನಿಂದ ಹಿಂದಿರುಗುತ್ತಿದ್ದ ಸಿ. ವಿ. ರಾಮನ್ನರು ಎಸ್. ಎಸ್. ನಾರ್ಕುಂಡ ಹಡಗಿನ ಮೇಲೆ ನಿಂತು ಕಡಲಿನ ನೀಲಿಯನ್ನು ಪಟ್ಟಕದಿಂದ ಪರೀಕ್ಷಿಸಿ, ಅದು ಆಕಾಶದ ಪ್ರತಿಬಿಂಬವಷ್ಟೇ ಅಲ್ಲ, ನೀರೇ ಬೆಳಕನ್ನು ಚೆದುರಿಸುವುದರಿಂದ ಬರುವ ಬಣ್ಣ ಎಂದು ವಾದಿಸಿದ ಸಂಗತಿಯನ್ನು ಓದುಗರು ಬಲ್ಲರು. ಬೆಂಗಳೂರನ್ನು ತಮ್ಮ ಊರಾಗಿ ಮಾಡಿಕೊಂಡ ಆ ಮಹನೀಯರಿಗೆ ಆ ನೀಲಿ ಮುಂದಿನ ಶೋಧಗಳಿಗೆ ಬಾಗಿಲಾಯಿತು. ಚೆದುರುವಿಕೆಯ ಜೊತೆಗೆ ಹೀರುವಿಕೆಯೂ ಇದೆ. ತಿಳಿಯಾದ ಕಡಲಿನಲ್ಲಿ ಕೆಂಪು ಬೆಳಕು ಮೊದಲ ಕೆಲವು ಮೀಟರುಗಳಲ್ಲೇ ಬಹುಮಟ್ಟಿಗೆ ಇಂಗಿಹೋಗುತ್ತದೆ. ಆಳಕ್ಕೆ ಇಳಿಯುವುದು ನೀಲಿ. ಹವಳದ ಒಳಪಾಚಿಯೂ ಅದಕ್ಕೆ ತಕ್ಕಂತೆ ಹೊಂದಿಕೊಂಡಿದೆ. ಅದರ ಪತ್ರಹರಿತ್ತು 430ರಿಂದ 460 ನ್ಯಾನೊಮೀಟರಿನ ಆಸುಪಾಸಿನ ನೀಲಿಯನ್ನು ಚೆನ್ನಾಗಿ ಹೀರುತ್ತದೆ. ಪೆರಿಡಿನಿನ್ ಎಂಬ ಇನ್ನೊಂದು ವರ್ಣದ್ರವ್ಯ ನೀಲಿ-ಹಸಿರನ್ನೂ ಬಿಡುವುದಿಲ್ಲ.

ನಮ್ಮ ಕಣ್ಣಿನ ರುಚಿ ಇದಕ್ಕೆ ಬಹುಮಟ್ಟಿಗೆ ವಿರುದ್ಧ. ಹಗಲಿನ ಬೆಳಕಿನಲ್ಲಿ ಕಣ್ಣು ಅತಿ ಚುರುಕಾಗಿರುವುದು 555 ನ್ಯಾನೊಮೀಟರಿನ ಹಳದಿ-ಹಸಿರಿಗೆ. ನಾವು ದೀಪಗಳನ್ನು ಅಳೆಯುವ ಲಕ್ಸ್, ಲ್ಯೂಮೆನ್ ಎಂಬ ಮಾನಗಳನ್ನು ಕಟ್ಟಿರುವುದು ಈ ಕಣ್ಣಿನ ಲೆಕ್ಕದ ಮೇಲೆ. ಹೆಚ್ಚು ಲ್ಯೂಮೆನ್ ಎಂದು ಪೆಟ್ಟಿಗೆಯ ಮೇಲೆ ಬರೆದ ಟ್ಯೂಬು ನಡುಮನೆಗೆ ಒಳ್ಳೆಯದು. ಹವಳಕ್ಕೆ ಅದು ಎಷ್ಟು ಅನ್ನ ಎಂಬುದನ್ನು ಆ ಅಂಕಿ ಹೇಳದು. ನಮಗೆ ಮಂಕಾಗಿ ತೋರುವ ನೀಲಿಯ ಟ್ಯೂಬು ಅದಕ್ಕೆ ಮೃಷ್ಟಾನ್ನವಾಗಿರಬಹುದು. ನೀಲಿಯಿಂದ ಕೆಂಪಿನವರೆಗೆ ಬೆಳಕಿನ ಕಣಗಳನ್ನು ಒಂದೊಂದಾಗಿ ಎಣಿಸುವ ಬೇರೆಯ ಮಾನವೇ ಇಲ್ಲಿ ಬೇಕು. ಆ ಮಾನದಲ್ಲಿ ನಡುಹಗಲ ಬಿಸಿಲು ಒಂದು ಚದರ ಮೀಟರಿಗೆ ಸೆಕೆಂಡಿಗೆ ಸುಮಾರು 2000 ಮೈಕ್ರೊಮೋಲ್.

ಇಷ್ಟು ತಿಳಿಯದೆ ಹವಳ ಸಾಕಹೊರಟವರ ಕಥೆ ದುಃಖದ್ದು. ಲಂಡನ್ನಿನ ಪ್ರಾಣಿಶಾಲೆ 1853ರಲ್ಲಿ ಮೀನುಮನೆ ತೆರೆಯಿತು. ಮರುವರ್ಷ ಗಾಸ್ ಎಂಬ ನಿಸರ್ಗಪ್ರೇಮಿಯ ಪುಸ್ತಕದಿಂದ ಅಕ್ವೇರಿಯಂ ಎಂಬ ಮಾತು ರೂಢಿಗೆ ಬಂತು. ಅಂದಿನಿಂದ ಸಮುದ್ರದ ಮೀನನ್ನು ಸಾಕಲು ಜನ ಕಲಿತರು. ಹವಳದ ಮಾತು ಬೇರೆಯಾಗಿತ್ತು. ತೊಟ್ಟಿಯಲ್ಲಿ ಅದು ಒಂದೇ ದಿನದಲ್ಲಿ ಸಾಯುವುದಿಲ್ಲ. ಒಳತೋಟ ಒಣಗಿ, ಬಣ್ಣ ಮಾಸಿ, ಮೈ ಕುಗ್ಗಿ, ತಿಂಗಳುಗಟ್ಟಲೆ ಉಪವಾಸವಿದ್ದು ಸಾಯುತ್ತದೆ. ಮೇಲೆ ಚೆಂದದ ದೀಪ ಉರಿಯುತ್ತಿರುವುದರಿಂದ ಸಾಕಿದವನಿಗೆ ಕಾರಣವೇ ಹೊಳೆಯುವುದಿಲ್ಲ. ಉಣ್ಣುವವನ ಮುಂದೆ ಬರಿಯ ಬೆಳ್ಳಿಯ ತಟ್ಟೆ ಇಟ್ಟಂತಾಯಿತು.

1961ರಲ್ಲಿ ಒಂದು ಆಶ್ಚರ್ಯದ ಸುದ್ದಿ ಬಂತು. ಇಂಡೊನೇಷ್ಯದ ಜಕಾರ್ತದಲ್ಲಿ ಲೀ ಚಿನ್ ಎಂಗ್ ಎಂಬಾತ ಜೀವ ತುಂಬಿದ ಬಂಡೆಗಳನ್ನು ಸಮುದ್ರದಿಂದ ತಂದು, ಗಾಳಿಯ ಗುಳ್ಳೆಗಳನ್ನು ಮಾತ್ರ ಬಿಟ್ಟು, ಬಿಸಿಲು ಬೀಳುವಂತೆ ತೊಟ್ಟಿಯಿಟ್ಟು, ಹವಳಗಳನ್ನು ಬದುಕಿಸಿದ್ದ. ಅಮೆರಿಕದ ಪತ್ರಿಕೆಯೊಂದರಲ್ಲಿ ಅದನ್ನು ಓದಿದವರು ತಮ್ಮ ಮನೆಗಳಲ್ಲಿ ಮಾಡಿ ನೋಡಿ ಸೋತರು. ಜಕಾರ್ತದ ಬಂಡೆಯ ಜೊತೆಗೆ ಜಕಾರ್ತದ ಸೂರ್ಯನೂ ಬೇಕಾಗಿತ್ತು. ಸೂರ್ಯನನ್ನು ಮನೆಯೊಳಗೆ ತರುವ ಕೆಲಸಕ್ಕೆ ಜರ್ಮನ್ ಭಾಷೆಯ ನಾಡಿನ ಹವ್ಯಾಸಿಗಳು ಕೈಹಾಕಿದರು. ಪೀಟರ್ ವಿಲ್ಕೆನ್ಸ್ 1973ರಲ್ಲಿ ಇಂಥ ಪ್ರಾಣಿಗಳ ಸಾಕಣೆಯ ಮೇಲೆ ಪುಸ್ತಕ ಬರೆದ. ಬರ್ಲಿನ್ನಿನ ಹವ್ಯಾಸಿಗಳು, ಅವರಲ್ಲಿ ಡೀಟ್ರಿಚ್ ಸ್ಟ್ಯೂಬರ್ ಮುಖ್ಯನಾದವನು, ಜೀವಂತ ಬಂಡೆ, ನೊರೆಯಿಂದ ಕೊಳೆ ತೆಗೆಯುವ ಯಂತ್ರ, ಪ್ರಬಲ ದೀಪ ಈ ಮೂರನ್ನೂ ಕೂಡಿಸಿ ಕಲ್ಲುಹವಳವನ್ನು ತೊಟ್ಟಿಯಲ್ಲಿ ಬೆಳೆಸಿ ತೋರಿಸಿದರು. 1986ರಲ್ಲಿ ಜಾರ್ಜ್ ಸ್ಮಿಟ್ ಎಂಬಾತನ ಲೇಖನಗಳಿಂದ ಅಮೆರಿಕದಲ್ಲಿ ಈ ಹುಚ್ಚು ಹಬ್ಬಿತು.

ಆ ಮೇಲೆ ಬಂದದ್ದು ಕೊಳವೆದೀಪದ ದೊಡ್ಡ ಕಾಲ. ಜರ್ಮನರ ಲೋಹ-ಹ್ಯಾಲೈಡ್ ದೀಪ ಪ್ರಬಲವಾದರೂ ನೀರನ್ನು ಕಾಯಿಸುತ್ತಿತ್ತು. ಟ್ಯೂಬಿಗೆ ಅಷ್ಟು ಉರಿಯಿಲ್ಲ, ಬೆಳಕು ತೊಟ್ಟಿಯ ಉದ್ದಕ್ಕೂ ಸಮವಾಗಿ ಹರಡುತ್ತದೆ, ಬೇಕಾದ ಬಣ್ಣಗಳನ್ನು ಬೆರೆಸಬಹುದು. 420 ನ್ಯಾನೊಮೀಟರಿನಲ್ಲಿ ಹೊಳೆಯುವ, ಆ್ಯಕ್ಟಿನಿಕ್ ಎಂದು ಕರೆಯುವ ನೇರಳೆ-ನೀಲಿಯ ಟ್ಯೂಬು ಮೂಲತಃ ನಕಲು ತೆಗೆಯುವಂಥ ಕೈಗಾರಿಕೆಯ ಕೆಲಸಕ್ಕೆ ಮಾಡಿದ್ದು. ಹವಳದವರು ಅದನ್ನು ತಮ್ಮದಾಗಿ ಮಾಡಿಕೊಂಡರು. 1990ರ ದಶಕದ ನಡುವೆ ಟಿ-5 ಎಂಬ ಸಪೂರವಾದ ಟ್ಯೂಬು ಬಂದಮೇಲೆ ಆಯ್ಕೆ ಇನ್ನೂ ಸುಲಭವಾಯಿತು.

ಈ ಟಿ ಎಂಬ ಲೆಕ್ಕವನ್ನು ಅಳಿಯನಿಗೆ ವಿವರಿಸಿದಂತೆಯೇ ಇಲ್ಲಿ ವಿವರಿಸುತ್ತೇನೆ. ಟಿ ಅಂಕಿ ಕೊಳವೆಯ ದಪ್ಪವನ್ನು ಅಂಗುಲದ ಎಂಟನೆಯ ಒಂದು ಪಾಲಿನಲ್ಲಿ ಹೇಳುತ್ತದೆ. ನಮ್ಮ ಹಳೆಯ 40 ವಾಟಿನ ದಪ್ಪ ಟ್ಯೂಬು ಟಿ-12, ಎಂದರೆ ಒಂದೂವರೆ ಅಂಗುಲ. 36 ವಾಟಿನ ಸಣ್ಣ ಟ್ಯೂಬು ಟಿ-8, ಒಂದಂಗುಲ. ಟಿ-5 ಎಂದರೆ 16 ಮಿಲಿಮೀಟರು. ಕೊಳವೆ ತೆಳ್ಳಗಾದಷ್ಟೂ ಒಂದೇ ಮುಚ್ಚಳದ ಕೆಳಗೆ ಹೆಚ್ಚು ಟ್ಯೂಬು ಹಿಡಿಸುತ್ತವೆ. ಅದಕ್ಕಿಂತ ಹೆಚ್ಚಾಗಿ, ಒಂದೊಂದರ ಬೆನ್ನಿಗೂ ಬೇರೆ ಬೇರೆ ಕನ್ನಡಿತಗಡು ಇಡಲು ಜಾಗ ಸಿಗುತ್ತದೆ. ಮೇಲಕ್ಕೆ ಹೋಗಿ ವ್ಯರ್ಥವಾಗುವ ಬೆಳಕು ನೀರಿಗೆ ಮರಳುತ್ತದೆ. ಒಳ್ಳೆಯ ತಗಡಿಲ್ಲದ ಆರು ಟ್ಯೂಬಿಗಿಂತ ತಗಡಿರುವ ನಾಲ್ಕು ಮೇಲು.

ಎರಡನೆಯದು ಬಣ್ಣದ ಅಂಕಿ. ಪೆಟ್ಟಿಗೆಯ ಮೇಲೆ ಕೆಲ್ವಿನ್ ಎಂದು ಬರೆದಿರುತ್ತದೆ. ಬಲ್ಬಿನ ಹೊಂಬೆಳಕು 2700. ಮನೆಗಳಲ್ಲಿ ಹಗಲುಬೆಳಕು ಎಂದು ಮಾರುವ ಟ್ಯೂಬು 6500. ಹವಳಕ್ಕೆಂದು ಮಾರುವವು 10,000ದಿಂದ 20,000ದವರೆಗೆ. ಅಂಕಿ ಏರಿದಷ್ಟೂ ನೀಲಿ ಹೆಚ್ಚು. ಬರಿಯ 6500ರದು ಹವಳವನ್ನು ಸಾಕಬಲ್ಲದಾದರೂ ಕಂದುಬಣ್ಣದ ಪೇಲವ ನೋಟ. ಬರಿಯ ನೀಲಿಯದಾದರೆ ಮನುಷ್ಯರಿಗೆ ಕತ್ತಲೆ. ಅನುಭವಿಗಳು ಕಂಡುಕೊಂಡ ಹಾದಿ ನಡುವಿನದು: ನಾಲ್ಕು ಟ್ಯೂಬಿನಲ್ಲಿ ಎರಡು ನೀಲಿಯವು, ಒಂದು 10,000 ಕೆಲ್ವಿನ್ನಿನ ಬಿಳಿ, ಇನ್ನೊಂದು 420ರ ನೇರಳೆ-ನೀಲಿ. ಈ ನೀಲಿಯಲ್ಲಿ ಒಂದು ಬೋನಸ್ಸೂ ಉಂಟು. ಕೆಲವು ಹವಳಗಳ ಮೈಯಲ್ಲಿಯೇ ಪ್ರತಿದೀಪ್ತಿಯ ಪ್ರೋಟೀನುಗಳಿವೆ. 1962ರಲ್ಲಿ ಶಿಮೊಮುರ ಅಂಬಲಿಮೀನಿನಲ್ಲಿ ಕಂಡ ಹಸಿರು ಪ್ರೋಟೀನಿನ ನಂಟರು 1999ರಲ್ಲಿ ಹವಳದ ಬಳಗದಲ್ಲಿಯೂ ಸಿಕ್ಕಿದರು. ಶಿಮೊಮುರನಿಗೆ ಆ ಶೋಧಕ್ಕಾಗಿ 2008ರಲ್ಲಿ ನೊಬೆಲ್ ಬಹುಮಾನದ ಪಾಲು ದೊರೆಯಿತು. ನೀಲಿ ಬೆಳಕು ಬಿದ್ದಾಗ ಆ ಹವಳ ಹಸಿರಾಗಿ ಕೆಂಪಾಗಿ ಹೊಳೆಯುತ್ತದೆ. ದೀಪದೊಳಗಿನ ಪುಡಿ ಮಾಡುವ ಕೆಲಸವನ್ನೇ ದೀಪದ ಕೆಳಗಿನ ಪ್ರಾಣಿಯೂ ಮಾಡುತ್ತಿರುತ್ತದೆ.

ಮೂರನೆಯದು ಚೋಕು. ಹಳೆಯ ಕಬ್ಬಿಣದ ಚೋಕಿನಲ್ಲಿ ಟ್ಯೂಬು ವಿದ್ಯುತ್ತಿನ ಒಂದೊಂದು ಆವರ್ತಕ್ಕೂ ಎರಡು ಸಲ ಕುಗ್ಗಿ ಬೆಳಗುತ್ತದೆ. ಇಂದಿನ 50 ಆವರ್ತದಲ್ಲಿ ಅದು ಸೆಕೆಂಡಿಗೆ 100 ಸಲ. ಶಿವನಸಮುದ್ರದ ಆರಂಭದ ವಿದ್ಯುತ್ತು 25 ಆವರ್ತದ್ದು. ಅದರಲ್ಲಿ ಟ್ಯೂಬು ಉರಿಸಿದ್ದರೆ ಮಿನುಗುವುದು ಕಣ್ಣಿಗೇ ಗೊತ್ತಾಗುತ್ತಿತ್ತು. ಎಲೆಕ್ಟ್ರಾನಿಕ್ ಚೋಕು ಸೆಕೆಂಡಿಗೆ 20,000ಕ್ಕೂ ಮೀರಿದ ಆವರ್ತದಲ್ಲಿ ನಡೆಯುವುದರಿಂದ ಬೆಳಕು ನಿಶ್ಚಲ, ಶಾಖವೂ ಕಡಮೆ. ಟಿ-5ಕ್ಕೆ ಅದೇ ಬೇಕು.

ನಾಲ್ಕನೆಯದು ನಮ್ಮ ಸೀಮೆಯ ಬೇಸಗೆ. ಟಿ-8 ಟ್ಯೂಬು ಅತಿ ಹೆಚ್ಚು ಬೆಳಗುವುದು ಸುತ್ತಲ ಗಾಳಿ 25 ಡಿಗ್ರಿ ಸೆಲ್ಸಿಯಸ್ ಇದ್ದಾಗ. ಟಿ-5 ಸುಮಾರು 35ರಲ್ಲಿ. ನಮ್ಮ ಏಪ್ರಿಲ್ ತಿಂಗಳಿಗೆ ಎರಡನೆಯದೇ ಸರಿಯಾದ ಜೋಡಿ. ಆದರೆ ದೀಪಕ್ಕೆ ಹಿತವಾದ 35 ಡಿಗ್ರಿ ಹವಳಕ್ಕೆ ಮರಣ. ನೀರು 25ರಿಂದ 27ರ ಆಸುಪಾಸಿನಲ್ಲಿರಬೇಕು. 30ನ್ನು ದಾಟಿ ದಿನಗಟ್ಟಲೆ ನಿಂತರೆ ಅದು ತನ್ನ ಒಳತೋಟವನ್ನೇ ಹೊರಗಟ್ಟಿ ಬೆಳ್ಳಗಾಗುತ್ತದೆ. ಆದ್ದರಿಂದ ದೀಪದ ಮೇಲೊಂದು ಫ್ಯಾನು, ಸಾಲದಿದ್ದರೆ ನೀರು ತಣಿಸುವ ಯಂತ್ರ, ಕರೆಂಟು ಹೋದರೆ ಬ್ಯಾಟರಿ, ಇವೆಲ್ಲ ದೀಪದ ಬೆಲೆಗೇ ಸೇರಬೇಕಾದ ಬಾಬುಗಳು. ಮೂರಡಿ ತೊಟ್ಟಿಗೆ 849 ಮಿಲಿಮೀಟರ್ ಉದ್ದದ, 39 ವಾಟಿನ ಟಿ-5 ಸರಿಹೊಂದುತ್ತದೆ. ನಾಲ್ಕಕ್ಕೆ 156 ವಾಟು. ದಿನಕ್ಕೆ ಒಂಬತ್ತು ಗಂಟೆ ಉರಿಸಿದರೆ 1.4 ಯೂನಿಟ್, ತಿಂಗಳಿಗೆ 42 ಯೂನಿಟ್. ದೀಪವೊಂದಕ್ಕೇ ಇಷ್ಟು. ಟ್ಯೂಬು ಕಣ್ಣಿಗೆ ಹೊಸದರಂತೆ ಕಂಡರೂ ಪುಡಿಯ ಕಸುವು ಇಳಿಯುವುದರಿಂದ ಹವಳದವರು ವರ್ಷಕ್ಕೊಮ್ಮೆಯಾದರೂ ಬದಲಿಸುತ್ತಾರೆ. ಅದೂ ಒಂದೇ ಸಲ ಎಲ್ಲವನ್ನೂ ಬದಲಿಸಿದರೆ ಬೆಳಕಿನ ಏಟು ತಗಲುತ್ತದೆಂದು ಒಂದೊಂದಾಗಿ.

ಇಷ್ಟನ್ನೂ ಅಳಿಯ ಕಾಗದದ ಮೇಲೆ ಬರೆದುಕೊಂಡ. “ಮಾವ, ಹಾಗಾದರೆ ದೀಪ ಗೊತ್ತಾಯಿತು. ಹವಳ ಎಲ್ಲಿಂದ ತರಲಿ?” ಎಂದ. ನಾನು ಹೇಳಲು ಕಾದಿದ್ದ ಮಾತಿಗೆ ಅವನೇ ದಾರಿ ಮಾಡಿಕೊಟ್ಟ. ನಮ್ಮ ದೇಶದ ಹವಳಗಳು ಮನ್ನಾರ್ ಕೊಲ್ಲಿ, ಕಚ್ಛ್ ಕೊಲ್ಲಿ, ಲಕ್ಷದ್ವೀಪ, ಅಂಡಮಾನ್ ನಿಕೋಬಾರ್‌ಗಳಲ್ಲಿವೆ. ನಮ್ಮ ರಾಜ್ಯದಲ್ಲಿಯೇ ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಸುತ್ತ ಕೆಲವು ಉಂಟು. ಮನ್ನಾರ್ ಕೊಲ್ಲಿಯಲ್ಲಿ ಸುಣ್ಣಕ್ಕಾಗಿ ಅವನ್ನು ಒಡೆದು ಗಾಡಿಗಟ್ಟಲೆ ಸಾಗಿಸಿದ ಕಾಲವೊಂದಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಗೆ 2001ರಲ್ಲಿ ಕಲ್ಲುಹವಳಗಳನ್ನೆಲ್ಲ ಸೇರಿಸಿದರು. ಹುಲಿ ಆನೆಗಳಿಗೆ ಇರುವ ರಕ್ಷಣೆ ಅವಕ್ಕೂ ಬಂತು. ಸಮುದ್ರದಿಂದ ಕೀಳುವುದು, ಮಾರುವುದು, ಕೊಳ್ಳುವುದು ಅಪರಾಧ. “ಹುಲಿಮರಿಗೆ ಎಂಥ ಹಾಲು ಕುಡಿಸಲಿ ಅಂತ ಕೇಳಿದ ಹಾಗಾಯಿತಲ್ಲ ಮಾವ” ಎಂದು ಅವನೇ ನಕ್ಕ. ಆದರೆ ಆ ನಗೆಯಲ್ಲಿ ನಿರಾಶೆ ಇದ್ದಿತು. ಅದನ್ನು ನಾನು ಹಗುರವಾಗಿ ಎಣಿಸಲಾರೆ. ಒಂದು ಅಪರೂಪದ ಜೀವವನ್ನು ದಿನವೂ ಹತ್ತಿರದಿಂದ ನೋಡಬೇಕೆಂಬ ಆಸೆ ಕೀಳು ಆಸೆಯಲ್ಲ. ಹವಳದ ವಿಷಯದಲ್ಲಿ ಲೋಕ ಕಲಿತ ಬಹಳಷ್ಟು ಪಾಠ ಇಂಥ ಹವ್ಯಾಸಿಗಳ ತೊಟ್ಟಿಗಳಿಂದಲೇ ಬಂತು.

ಕೊನೆಗೆ ಅವನು ಎರಡು ಟಿ-5 ಟ್ಯೂಬು ಕೊಂಡ, 6500 ಕೆಲ್ವಿನ್ನಿನವು. ಸಿಹಿನೀರಿನ ತೊಟ್ಟಿಯಲ್ಲಿ ನೀರುಗಿಡಗಳನ್ನು ನೆಟ್ಟ. ಗಿಡದ ಎಲೆ ನೀಲಿಯನ್ನೂ ಕೆಂಪನ್ನೂ ಉಣ್ಣುವುದರಿಂದ ಅದಕ್ಕೆ ಆ ಬಿಳಿಬೆಳಕು ಒಪ್ಪುತ್ತದೆ. ತೊಟ್ಟಿಯ ನೀರು ಕಾವೇರಿಯದು. ಬೆಳಕು ಹತ್ತಿ ಅರ್ಧಗಂಟೆಯಾದರೆ ಎಲೆಗಳ ಅಂಚಿನಿಂದ ಪ್ರಾಣವಾಯುವಿನ ಮಣಿಗಳು ಸಾಲಾಗಿ ಏರುತ್ತವೆ. ದೀಪವನ್ನು ಗಿಡ ಉಣ್ಣುತ್ತಿದೆಯೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಈಗ ಕೊಳವೆದೀಪವೇ ಹೊರಡುವ ಹಾದಿಯಲ್ಲಿದೆ. ಅದರ ಹೊಟ್ಟೆಯಲ್ಲಿರುವ ಪಾದರಸ ವಿಷ. ಜಪಾನಿನ ಮಿನಮಾಟ ಎಂಬ ಕಡಲತೀರದ ಊರಿನಲ್ಲಿ ಕಾರ್ಖಾನೆಯ ಪಾದರಸ ಮೀನಿನ ಮೂಲಕ ಜನರ ಮೈಸೇರಿ ಮಾಡಿದ ಅನಾಹುತದ ನೆನಪಿಗಾಗಿ ಹೆಸರಿಟ್ಟ ಅಂತರರಾಷ್ಟ್ರೀಯ ಒಪ್ಪಂದ 2013ರಲ್ಲಾಯಿತು. 2018ರಲ್ಲಿ ಭಾರತವೂ ಅದನ್ನು ಸ್ಥಿರೀಕರಿಸಿತು. ಸಾಮಾನ್ಯ ಬೆಳಕಿಗೆ ಬಳಸುವ ಉದ್ದ ಟ್ಯೂಬುಗಳ ತಯಾರಿಕೆಯನ್ನು 2027ರೊಳಗೆ ನಿಲ್ಲಿಸಬೇಕೆಂದು ಆ ಒಪ್ಪಂದದ ದೇಶಗಳು 2023ರಲ್ಲಿ ನಿಶ್ಚಯಿಸಿದವು. ಹವಳದವರಲ್ಲಿಯೂ ಹೆಚ್ಚಿನವರು ಎಲ್‌ಇಡಿಗೆ ಸಾಗಿದ್ದಾರೆ. ಸಾಗುವಾಗ ಅವರು ಒಯ್ದದ್ದು ಟ್ಯೂಬಿನ ಕಾಲದಲ್ಲಿ ಕಲಿತ 420, 450ರ ಅಂಕಿಗಳನ್ನೇ.

ಸುಮಾರು 85 ವರ್ಷ ಬಾಳಿದ ಈ ದೀಪಕ್ಕೆ ನಮ್ಮ ನಡುಮನೆಗಳು ಋಣಿಯಾಗಿವೆ. ಅದಕ್ಕಿಂತ ದೊಡ್ಡದೊಂದು ಋಣವೂ ಇದೆಯೆಂದು ನನಗೆ ತೋರುತ್ತದೆ. ಬೆಳಕಿನ ಬಣ್ಣವನ್ನು ಆರಿಸುವ ಅವಕಾಶ ಕೊಟ್ಟು, ಆರಿಸುವಾಗ ನಮ್ಮ ಕಣ್ಣು ಒಂದನ್ನೇ ಕೇಳಿದರೆ ಸಾಲದೆಂಬುದನ್ನು ಅದು ಕಲಿಸಿತು. ಈ ಪಾಠ ತೊಟ್ಟಿಗೆ ಮಾತ್ರ ಸಲ್ಲುವುದಲ್ಲ. ಇಂದು ನಮ್ಮ ನದೀತೀರಗಳಲ್ಲಿ, ಘಟ್ಟಗಳ ಮೇಲೆ, ಗುಡಿಯ ಗೋಪುರಗಳಿಗೆ ರಾತ್ರಿಯಿಡೀ ಸುರಿಯುವ ಬಿಳಿಬೆಳಕು ಕಣ್ಣಿಗೆ ಚೆಂದವೇ. ಸಂಗಮದ ನೀರಿನಲ್ಲಿ ಕತ್ತಲೆಯನ್ನು ನಂಬಿ ಬದುಕುವ ಮೀನು, ಕಪ್ಪೆ, ಹುಳುಗಳನ್ನೂ ಒಂದು ಮಾತು ಕೇಳಿ ಅದನ್ನು ಹಚ್ಚಿದರೆ ಕಪಿಲೆಗಾಗಲಿ ಕಾವೇರಿಗಾಗಲಿ ನಷ್ಟವೇನೂ ಇಲ್ಲ.